ಮನೆ ಮುಟ್ಟುವ ತನಕ ಮಾತಿಲ್ಲ

ಹೊಸದಾಗಿ ಟೀಚರ್ ಕೆಲಸಕ್ಕೆ ಸೇರಿದ ಹುಡುಗಿಯರು ಒಮ್ಮೊಮ್ಮೆ ನಮ್ಮ ಮನೆಗೆ ಬರುತ್ತಾರೆ. ಚಾ ಕುಡಿದು, ಚಕ್ಕುಲಿ ಮುರಿದು, "ಮೇಡಂ, ಕ್ಲಾಸನ್ನು ಹೇಗೆ ಕಂಟ್ರೋಲ್ ಮಾಡುವುದು? ಒಂದು ಮಾತೂ ಕೇಳುವುದಿಲ್ಲ ಆ ಮಕ್ಕಳು" ಎಂದು ಗೋಳಾಡುತ್ತಾರೆ. ಆಗ ಅವರಿಗೆ ನಾನು ಹೇಳುವುದು ಇದು. ಮಕ್ಕಳು ಮಾತು ಕೇಳುವುದಿಲ್ಲ ಎಂಬ ಹೆದರಿಕೆ ನಿಮ್ಮದು. ನಾನಾದರೆ ಕೆಲಸದಲ್ಲಿ ಇದ್ದಷ್ಟು ವರ್ಷವೂ, ಇವರು ನನ್ನ ಮಾತನ್ನು ಅಕ್ಷರಕ್ಕೆ ಅಕ್ಷರ ಕೇಳಿಬಿಟ್ಟರೆ ಏನಪ್ಪಾ ಗತಿ ಎಂದು ಹೆದರಿದವಳು. ಆ ಹೆದರಿಕೆ ಎಲ್ಲಿಂದ ಬಂತು ಎಂದು ಹೇಳಲಿಕ್ಕೇ ಇದನ್ನು ಬರೆಯುತ್ತಿದ್ದೇನೆ. ನಾನು ಯಾವಾಗ ಪರ್ಮನೆಂಟ್ ಆದೆ, ಯಾವಾಗ ಸೂಪರ್‌ವೈಸರ್ ಆದೆ, ರಿಟೈರಾದ ದಿನ ಎಂಥ ಶಾಲು ಹೊದಿಸಿದರು, ಅದೆಲ್ಲ ಇಲ್ಲಿಲ್ಲ. ಅದನ್ನು ಓದಿ ಯಾರಿಗೂ ಪಾಠ ಮಾಡಲು ಬರುವುದಿಲ್ಲ.

ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಮ್ಮ ಅಪ್ಪ ಭಾಂಡುಪ್ ಸ್ಟೇಷನ್ನಿನ ಎದುರಿನ ಉಡುಪಿ ಹೋಟೆಲಿನಲ್ಲಿ ಅಡುಗೆಯವರು. ನಾವಿದ್ದದ್ದು ಅದರ ಹಿಂದಿನ ಚಾಳಿನ ಒಂದು ಕೋಣೆಯಲ್ಲಿ. ನಾನು ಡಿ.ಎಡ್. ಮುಗಿಸಿ ಎಂಟು ತಿಂಗಳು ಮನೆಯಲ್ಲಿ ಕೂತಿದ್ದೆ. ಹತ್ತಿರದಲ್ಲೇ ಸಿಸ್ಟರುಗಳು ನಡೆಸುವ ಕ್ಯಾಥೊಲಿಕ್ ಪ್ರೈಮರಿ ಶಾಲೆ ಇತ್ತು. ಅಲ್ಲಿಯ ಹೆಡ್‌ಮಿಸ್ಟ್ರೆಸ್ ಸಿಸ್ಟರ್ ಎವ್ಲಿನ್ ಮಂಗಳೂರಿನ ಕಡೆಯವರು, ಮನೆಮಾತು ಕೊಂಕಣಿ, ಕನ್ನಡ ನಮ್ಮೂರಿನದೇ. ಅವರು ಕೇಳಿದ್ದು ಮೂರೇ ಪ್ರಶ್ನೆ.

"ಕನ್ನಡ ಬರ್ತದಾ? ಮರಾಠಿ ಬರ್ತದಾ? ಇಂಗ್ಲಿಷಿನಲ್ಲಿ ಪಾಠ ಮಾಡುವಾಗ ಕಾಲು ನಡುಗುವುದಿಲ್ಲ ಅಲ್ವಾ?"

ನಡುಗುವುದಿಲ್ಲ ಎಂದು ಸುಳ್ಳು ಹೇಳಿದೆ. "ನಾಳೆಯಿಂದ ಬನ್ನಿ. ಒಂದು ವರ್ಷ ನೋಡುವ" ಎಂದರು. ಆ ‘ನೋಡುವ’ ಎಂಬ ಶಬ್ದ ವರ್ಷವಿಡೀ ನನ್ನ ಬೆನ್ನಿಗೆ ಅಂಟಿಕೊಂಡಿತ್ತು. ಶಾಲೆಯಲ್ಲಿ ನಾನೊಬ್ಬಳೇ ಕುಂಕುಮ ಇಡುವ ಟೀಚರ್. ಸಿಸ್ಟರ್ ಕಾರಿಡಾರಿನಲ್ಲಿ ನಡೆದು ಹೋದರೆ ಸಾಕು, ನನ್ನ ಕೈಯಿಂದ ಚಾಕ್‌ಪೀಸ್ ಜಾರುತ್ತಿತ್ತು.

ಮೊದಲ ಎಡವಟ್ಟು ಫೆಬ್ರವರಿಯಲ್ಲಿ ಆಯಿತು. ಒಂದು ಬುಧವಾರ ಬೆಳಿಗ್ಗೆ ಎರಡನೇ ಇಯತ್ತೆಯ ನನ್ನ ಕ್ಲಾಸಿಗೆ ಹೋದರೆ ಹತ್ತು ಹನ್ನೆರಡು ಮಕ್ಕಳ ಹಣೆಯ ಮೇಲೆ ಕಪ್ಪು ಮಸಿ. ಇವು ಎಲ್ಲಿಯೋ ಇದ್ದಿಲಿನಲ್ಲಿ ಆಡಿಕೊಂಡು ಬಂದಿವೆ, ಈಗ ಸಿಸ್ಟರ್ ಬಂದರೆ ನನಗೇ ಮಂಗಳಾರತಿ ಎಂದುಕೊಂಡೆ. ಸೆರಗಿನ ತುದಿ ನೀರಲ್ಲಿ ಅದ್ದಿ, ಒಬ್ಬೊಬ್ಬರನ್ನೇ ಕರೆದು, ಗಲ್ಲ ಹಿಡಿದು ಹಣೆ ಉಜ್ಜಿದೆ. ಮಕ್ಕಳು ಏನೋ ಹೇಳಲು ಬಾಯಿ ತೆರೆದವು, "ಚುಪ್!" ಎಂದೆ. ಕೊನೆಯ ಹಣೆ ತಿಕ್ಕುವಾಗ ಬಾಗಿಲಲ್ಲಿ ಸಿಸ್ಟರ್ ನಿಂತಿದ್ದರು. ಅವರ ಹಣೆಯ ಮೇಲೂ ಅದೇ ಮಸಿ.

"ಎಂತ ಮಾಡಿದ್ರಿ ಮಾರಾಯ್ತಿ! ಇವತ್ತು ವಿಭೂತಿ ಬುಧವಾರ. ಫಾದರ್ ಬೆಳಿಗ್ಗೆ ಏಳಕ್ಕೆ ಹಚ್ಚಿದ ಬೂದಿಯನ್ನು ನೀವು ಒಂಬತ್ತಕ್ಕೆ ತೊಳೆದುಬಿಟ್ರಾ?"

ನಮ್ಮಲ್ಲಿ ವಿಭೂತಿ ಎಂದರೆ ಮೂರು ಎಳೆ. ಇವರದು ಶಿಲುಬೆ ಎಳೆಯಲು ಹೋಗಿ ಮಸಿಯಾಗಿ ಹರಡಿದ ಗುರುತು. ನನಗೇನು ಗೊತ್ತು? ಸಿಸ್ಟರ್ ಬೈಯಲಿಲ್ಲ, ನಕ್ಕುಬಿಟ್ಟರು. ಅವರು ನಕ್ಕದ್ದೇ ನನಗೆ ಬೈದದ್ದಕ್ಕಿಂತ ಹೆಚ್ಚು ಚುಚ್ಚಿತು. ಸ್ಟಾಫ್ ರೂಮಿನಲ್ಲಿ ಒಂದು ವಾರ ನನಗೆ ‘ಧೋಬಿ ಟೀಚರ್’ ಎಂಬ ಹೆಸರು ಬಿತ್ತು. ನನ್ನ ಕೆಲಸ ಹೋಯಿತು, ಅಪ್ಪನಿಗೆ ಹೇಗೆ ಮುಖ ತೋರಿಸಲಿ ಎಂದು ರಾತ್ರಿಯೆಲ್ಲ ಹೊರಳಾಡಿದೆ.

ಅಂದಿನಿಂದ ನಲವತ್ತು ದಿನ ಅವರ ತಪಸ್ಸುಕಾಲ. ಲೆಂಟ್ ಎಂದು ಮಕ್ಕಳೂ ಹೇಳುತ್ತಿದ್ದವು. ಈಸ್ಟರ್ ಬರುವ ತನಕ ಪ್ರತಿಯೊಬ್ಬರೂ ತಮಗೆ ಪ್ರಿಯವಾದ ಒಂದನ್ನು ಬಿಡಬೇಕು. ಶಾಲೆಯಲ್ಲಿ ಪ್ರತಿ ಕ್ಲಾಸಿನ ಗೋಡೆಗೂ ಒಂದು ಚಾರ್ಟ್, ಅದರಲ್ಲಿ ಮಗುವಿನ ಹೆಸರು, ಎದುರಿಗೆ ಬಿಟ್ಟ ವಸ್ತು. ಕ್ಯಾಥೊಲಿಕ್ ಅಲ್ಲದ ಮಕ್ಕಳಿಗೆ ಒತ್ತಾಯವಿರಲಿಲ್ಲ, ಆದರೆ ಪಕ್ಕದವನ ಹೆಸರು ಗೋಡೆಯ ಮೇಲೆ ಬಂದರೆ ತನ್ನದೂ ಬರಬೇಕು ಎಂದು ಎಲ್ಲವೂ ಹಟ ಹಿಡಿಯುತ್ತಿದ್ದವು. ಈ ಸಲ ಎಡವಬಾರದು, ಸಿಸ್ಟರ್ ಭೇಷ್ ಎನ್ನಬೇಕು ಎಂದು ನಾನು ಸೊಂಟ ಕಟ್ಟಿ ನಿಂತೆ. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದ ಎನ್ನುತ್ತಾರಲ್ಲ, ಹಾಗೆ.

ಮಕ್ಕಳನ್ನು ಕೇಳುತ್ತ ಹೋದೆ. ಒಬ್ಬ ಹಾಗಲಕಾಯಿ ಬಿಡುತ್ತೇನೆಂದ. ಇನ್ನೊಬ್ಬ ಸ್ನಾನ ಬಿಡುತ್ತೇನೆಂದ. ಒಬ್ಬಳು ತನ್ನ ತಮ್ಮನನ್ನೇ ಬಿಡುತ್ತಾಳಂತೆ, ಯಾರಿಗಾದರೂ ಬೇಕಾದರೆ ಕೊಡುತ್ತಾಳಂತೆ. ನಗು ತಡೆದುಕೊಂಡು ಕೇಳುತ್ತ ನಾನು ಕೊನೆಯ ಬೆಂಚಿಗೆ ಬಂದೆ. ಅಲ್ಲಿ ನೀಲವ್ವ ಕೂರುತ್ತಿದ್ದಳು.

ಆ ಕಾಲದಲ್ಲಿ ವಿಕ್ರೋಳಿಯಿಂದ ಭಾಂಡುಪ್ ತನಕ ಕಾರ್ಖಾನೆ, ಕಾಲೊನಿ ಕಟ್ಟುವ ಕೆಲಸ ನಡೆದೇ ಇತ್ತು. ಗುಲ್ಬರ್ಗ, ಬಿಜಾಪುರದ ಕಡೆಯ ಜನ ಬಂದು ಕಲ್ಲು ಮಣ್ಣು ಹೊರುತ್ತಿದ್ದರು. ಸ್ಟೇಷನ್ನಿನ ಆಚೆ ಬದಿಗೆ ಅವರ ಗುಡಿಸಲುಗಳು. ಸಿಸ್ಟರ್ ಅಲ್ಲಿಗೆ ತಾವೇ ಹೋಗಿ ಏಳೆಂಟು ಮಕ್ಕಳನ್ನು ಎಳೆದು ತಂದು ಶಾಲೆಗೆ ಸೇರಿಸಿದ್ದರು. ಕನ್ನಡದವಳೆಂದು ನೀಲವ್ವನನ್ನು ನನ್ನ ಕ್ಲಾಸಿಗೆ ಹಾಕಿದ್ದರು. ಏಳು ವರ್ಷ. ಬಾಯಿ ಎಂದರೆ ಬಾಯಿ! ಬೆಳಿಗ್ಗೆ ಬಂದವಳು ಸಂಜೆಯ ತನಕ ವಟವಟ. ನನ್ನ ಕನ್ನಡ ಕೇಳಿದರೆ ಅವಳಿಗೆ ನಗು. "ನಿಮ್ಮ ಕನ್ನಡ ಪುಸ್ತಕದಾಗಿಂದ ಬಿದ್ದಂಗೈತ್ರಿ ಟೀಚರ್" ಎಂದಿದ್ದಳು ಒಮ್ಮೆ.

"ನೀಲವ್ವ, ನೀನೇನು ಬಿಡ್ತೀ?"

ಎದ್ದು ನಿಂತು ಬಹಳ ಹೊತ್ತು ಯೋಚಿಸಿದಳು. "ನನಗ ಬಿಡಾಕ ಏನೂ ಇಲ್ರಿ ಟೀಚರ್."

"ಏನಾದರೂ ಇರಲೇಬೇಕಲ್ಲ. ಮಿಠಾಯಿ?"

"ತಿಂದರ ಬಿಡಾಕ. ನಾ ತಿನ್ನೂದs ಇಲ್ಲಲ್ರಿ."

ಕ್ಲಾಸು ನಕ್ಕಿತು. ಅವಳೂ ನಕ್ಕಳು. ನನಗೆ ಮಾತ್ರ ಕಸಿವಿಸಿ. ಈ ಮಗುವಿನ ಹೆಸರಿನ ಎದುರು ಚಾರ್ಟಿನಲ್ಲಿ ಜಾಗ ಖಾಲಿ ಉಳಿಯುತ್ತದಲ್ಲ ಎಂದು ಚಿಂತಿಸುತ್ತಿರುವಾಗ ತಲೆಯಲ್ಲಿ ಫಳ್ಳೆಂದು ಹೊಳೆಯಿತು. ಮಾತು! ಮಾತು ಎಲ್ಲರ ಹತ್ತಿರವೂ ಇದೆ. ಬಡವರ ಮಗುವಿಗೂ ಇದೆ.

ಶಾಲೆಯಲ್ಲಿ ಮೊದಲೇ ಒಂದು ಪದ್ಧತಿ ಇತ್ತು. ಲೆಂಟಿನ ಪ್ರತಿ ಶುಕ್ರವಾರ ಕೊನೆಯ ಪೀರಿಯಡ್ಡಿಗೆ ಎಲ್ಲ ಮಕ್ಕಳನ್ನೂ ಹಾಲಿನಲ್ಲಿ ಕೂರಿಸಿ, ಯೇಸು ಶಿಲುಬೆ ಹೊತ್ತು ನಡೆದ ಹಾದಿಯ ಒಂದೊಂದು ಪ್ರಸಂಗವನ್ನು ಸಿಸ್ಟರ್ ಹೇಳುತ್ತಿದ್ದರು. ಆಮೇಲೆ ಮಕ್ಕಳು ಗೇಟು ದಾಟುವ ತನಕ ಮಾತಾಡಬಾರದು. ಹತ್ತು ನಿಮಿಷದ ಮೌನ, ಅಷ್ಟೆ. ನಾನು ಅದನ್ನು ಎಳೆದು ಉದ್ದ ಮಾಡಿದೆ.

"ನಮ್ಮ ಕ್ಲಾಸಿನವರು ಗೇಟಿನ ತನಕ ಅಲ್ಲ, ಮನೆ ಮುಟ್ಟುವ ತನಕ ಮಾತಾಡುವುದಿಲ್ಲ. ಹೊಸ್ತಿಲು ದಾಟಿದ ಮೇಲೆಯೇ ಬಾಯಿ ಬಿಡಬೇಕು. ಇದು ದೇವರಿಗೆ ಕೊಟ್ಟ ಮಾತು. ದಾರಿಯಲ್ಲಿ ಯಾರು ಕರೆದರೂ, ಏನು ಕೊಟ್ಟರೂ ಮಾತಿಲ್ಲ. ನಾನೇ ಬಂದು ಮಾತಾಡಿಸಿದರೂ ಮಾತಾಡಬಾರದು. ತಿಳಿಯಿತಾ?"

ಇಂಗ್ಲಿಷಿನಲ್ಲಿ ಒಮ್ಮೆ, ಮರಾಠಿಯಲ್ಲಿ ಒಮ್ಮೆ, ಆ ಕೊನೆಯ ಬೆಂಚಿಗಾಗಿ ಕನ್ನಡದಲ್ಲಿ ಒಮ್ಮೆ ಹೇಳಿದೆ. ನೀಲವ್ವನ ಮುಖ ಗಂಭೀರವಾಯಿತು. "ನಮ್ಮ ಆಯಿ ಸೋಮವಾರ ಪೂಜಿ ಮುಗ್ಯೂ ತನಕ ಮಾತಾಡಂಗಿಲ್ರಿ. ಹಂಗೇನ್ರಿ?" ಎಂದು ಕೇಳಿದಳು. ಆಯಿ ಎಂದರೆ ಅವಳ ಅಜ್ಜಿ. ಹಾಗೆಯೇ ಎಂದೆ. ಚಾರ್ಟಿನಲ್ಲಿ ಅವಳ ಹೆಸರಿನ ಎದುರು ‘ಮಾತು’ ಎಂದು ದೊಡ್ಡದಾಗಿ ಬರೆದೆ. ಸಿಸ್ಟರನ್ನು ಕೇಳಬೇಕು ಎಂದು ತೋಚಲೇ ಇಲ್ಲ. ಕೇಳಿದ್ದರೆ ಬೇಡ ಎನ್ನುತ್ತಿದ್ದರು.

ಮೊದಲ ಮೂರು ಶುಕ್ರವಾರ ನನಗೆ ಸ್ವರ್ಗಕ್ಕೆ ಮೂರೇ ಗೇಣು. ಬೇರೆ ಕ್ಲಾಸಿನವು ಗೇಟು ದಾಟಿದ್ದೇ ತಡ ಕಾಗೆಗಳ ಹಾಗೆ ಕಿರುಚಿಕೊಂಡು ಓಡುತ್ತಿದ್ದವು. ನನ್ನ ನಲವತ್ತೆಂಟು ಮಕ್ಕಳು ತುಟಿ ಬಿಗಿದು ಸಾಲಾಗಿ ನಡೆಯುತ್ತಿದ್ದವು. ನಾನು ಬೇಕೆಂದೇ ಗೇಟಿನ ಹೊರಗೆ ನಿಂತು, "ಏ ನೀಲವ್ವ, ಇವತ್ತು ಊಟಕ್ಕೆ ಏನು?" ಎಂದು ಪರೀಕ್ಷೆ ಮಾಡುತ್ತಿದ್ದೆ. ಅವಳು ಕಣ್ಣಲ್ಲೇ ನಕ್ಕು, ತಲೆ ಅಲ್ಲಾಡಿಸಿ, ಪಕ್ಕದ ಗುಡಿಸಲಿನ ಫಿಲೊಮಿನಾಳ ಕೈ ಹಿಡಿದು ಹೋಗುತ್ತಿದ್ದಳು. ಫಿಲೊಮಿನಾ ನಾಲ್ಕನೆಯ ಇಯತ್ತೆಯ ಹುಡುಗಿ, ದಿನವೂ ಇವಳನ್ನು ಸ್ಟೇಷನ್ನಿನ ಸೇತುವೆ ದಾಟಿಸಿ ಮನೆ ಸೇರಿಸುವವಳು. ಮೂರನೆಯ ಶುಕ್ರವಾರ ಸಿಸ್ಟರ್ ನನ್ನ ಭುಜ ತಟ್ಟಿ, "ನಿಮ್ಮ ಮಕ್ಕಳು ದೇವದೂತರ ಹಾಗೆ ಹೋಗ್ತಾರೆ ಟೀಚರ್" ಎಂದರು. ನಾನು ಉಬ್ಬಿ ಪೂರಿಯಾದೆ.

ನಾಲ್ಕನೆಯ ಶುಕ್ರವಾರ ಫಿಲೊಮಿನಾಳಿಗೆ ಜ್ವರ. ಅವಳು ಶಾಲೆಗೆ ಬಂದಿಲ್ಲ ಎಂಬುದು ನನಗೆ ಗೊತ್ತೇ ಇರಲಿಲ್ಲ. ನನ್ನ ಕ್ಲಾಸಿನವಳಲ್ಲವಲ್ಲ! ನೀಲವ್ವ ಒಬ್ಬಳೇ ಗೇಟು ದಾಟುವುದನ್ನು ನೋಡಿದ್ದೇನೆ. ಸಾಲು ನೇರವಾಗಿದೆಯೇ ಎಂದು ನೋಡುತ್ತಿದ್ದೆನೇ ಹೊರತು, ಯಾರ ಕೈಯಲ್ಲಿ ಯಾರ ಕೈ ಇದೆ ಎಂದು ನೋಡಲಿಲ್ಲ.

ಐದು ಗಂಟೆಯ ಹೊತ್ತಿಗೆ ನಾನು ಸ್ಟಾಫ್ ರೂಮಿನಲ್ಲಿ ಸ್ಲೇಟು ಒರೆಸುವ ಬಟ್ಟೆ ಒಗೆದು ಹರವುತ್ತಿದ್ದೆ. ಅಂಗಳದಿಂದ ಹೆಂಗಸೊಬ್ಬಳ ದನಿ ಕೇಳಿತು. ನೀಲವ್ವನ ತಾಯಿ ಯಲ್ಲವ್ವ. ಕೆಲಸದ ಜಾಗದಿಂದ ಹಾಗೇ ಬಂದಿದ್ದಳು, ಮೊಳಕೈ ತನಕ ಸಿಮೆಂಟು.

"ನಮ್ಮ ನೀಲಿ ಐತೇನ್ರಿ ಇಲ್ಲಿ? ಮನಿಗೆ ಬಂದಿಲ್ರಿ ಆಕಿ."

ಶಾಲೆ ಬಿಟ್ಟು ಒಂದೂವರೆ ಗಂಟೆಯಾಗಿತ್ತು. ನಡೆದರೆ ಹದಿನೈದು ನಿಮಿಷದ ದಾರಿ. ಮಧ್ಯೆ ಇದ್ದದ್ದು ರೈಲು ಹಳಿ. ಸೇತುವೆ ಹತ್ತಲು ಬೇಸರವಾಗಿ ಜನ ಹಳಿಯ ಮೇಲೇ ದಾಟುತ್ತಿದ್ದರು, ತಿಂಗಳಿಗೊಂದಾದರೂ ಕೇಳಬಾರದ ಸುದ್ದಿ ಕೇಳುತ್ತಿದ್ದೆವು. ಯಲ್ಲವ್ವ ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಅವಳ ಕಣ್ಣು ತಪ್ಪಿಸಿದೆ.

ಇವತ್ತಿನವರಿಗೆ ಇದು ಅರ್ಥವಾಗುವುದು ಕಷ್ಟ. ನಿಮಗೆ ಈಗ ಪ್ರತಿ ಮಗುವಿನ ಕೊರಳಲ್ಲಿ ಕಾರ್ಡು, ಗೇಟಿನಲ್ಲಿ ರಿಜಿಸ್ಟರು, ತಾಯಿಯ ಮೊಬೈಲಿಗೆ ಮೆಸೇಜು. ಆಗ ಅದೇನೂ ಇರಲಿಲ್ಲ. ನೀಲವ್ವನ ಕೈಚೀಲದಲ್ಲಿ ಇದ್ದದ್ದು ಒಂದು ಸ್ಲೇಟು, ಒಂದು ಬಳಪ. ಸ್ಲೇಟಿನ ಮೇಲೆ ಯಾರು ಹೆಸರು ಬರೆಯುತ್ತಾರೆ? ಆ ಮಗು ಯಾರು, ಎಲ್ಲಿಯದು ಎಂದು ಹೇಳಲು ಅವಳ ಬಾಯೊಂದೇ ಇತ್ತು. ಅದಕ್ಕೆ ನಾನು ಬೀಗ ಹಾಕಿದ್ದೆ. ಅಂಗಳದಲ್ಲಿ ನಿಂತಾಗ ಈ ಯೋಚನೆ ನನ್ನ ತಲೆಗೆ ಬಂತು. ಬಂದದ್ದನ್ನು ಒಳಗೇ ನುಂಗಿಕೊಂಡೆ.

ಸಿಸ್ಟರ್ ಒಂದು ಕ್ಷಣ ಕಣ್ಣು ಮುಚ್ಚಿ, ಶಿಲುಬೆ ಗುರುತು ಹಾಕಿಕೊಂಡು, ಚಕಚಕನೆ ಕೆಲಸ ಹಂಚಿದರು. ಪ್ಯೂನನನ್ನು ಆಸ್ಪತ್ರೆಗೆ ಕಳಿಸಿದರು. ಯಲ್ಲವ್ವ ಗುಡಿಸಲಿನ ಜನರನ್ನು ಕರೆದುಕೊಂಡು ಹಳಿಯ ಗುಂಟ ಹೊರಟಳು. ನಾನೂ ಸಿಸ್ಟರೂ ಸೇತುವೆಯ ಕೆಳಗಿನ ಹೂವಿನವರು, ಬಾಳೆಹಣ್ಣಿನವರು ಎಲ್ಲರನ್ನೂ ಕೇಳಿದೆವು. ನೀಲಿ ಫ್ರಾಕಿನ ಹುಡುಗಿಯನ್ನು ಎಲ್ಲರೂ ನೋಡಿದ್ದರು. ನಮ್ಮ ಶಾಲೆಯ ನೀಲಿ ಫ್ರಾಕಿನವರು ದಿನಾ ಇನ್ನೂರು ಮಂದಿ ಹೋಗುತ್ತಾರೆ.

"ಜಾಣೆ ಉಂಟು ಅವಳು. ಎಲ್ಲಿ ಸಿಕ್ಕಿಕೊಂಡ್ರೂ ಬಾಯಿ ಮಾಡ್ತಾಳೆ, ಹೆಸರು ಹೇಳ್ತಾಳೆ. ಯಾರಾದ್ರೂ ತಂದು ಬಿಡ್ತಾರೆ" ಎಂದು ಸಿಸ್ಟರ್ ನನಗೆ ಧೈರ್ಯ ಹೇಳಿದರು. ಪ್ರತಿ ಸಲ ಅವರು ಹಾಗೆ ಹೇಳಿದಾಗ ಈಗ ಹೇಳಬೇಕು, ಈಗ ಹೇಳಬೇಕು ಎಂದುಕೊಳ್ಳುತ್ತಿದ್ದೆ. ಹೇಳಿದರೆ ಕೆಲಸ ಹೋಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಅಷ್ಟು ದೊಡ್ಡ ಮೂರ್ಖತನವನ್ನು ನನ್ನ ಬಾಯಿಂದಲೇ ಹೇಳಲು ನಾಚಿಕೆ. ಮಗು ಈಗ ಸಿಕ್ಕಿಬಿಡುತ್ತದೆ, ಸಿಕ್ಕರೆ ಹೇಳುವ ಪ್ರಮೇಯವೇ ಇಲ್ಲ ಎಂದು ಲೆಕ್ಕ ಹಾಕುತ್ತಿದ್ದೆ. ಹೌದು, ಹಾಗೆಯೇ ಯೋಚಿಸಿದೆ. ಇಲ್ಲಿ ಮುಚ್ಚಿಟ್ಟು ಏನು ಉಪಯೋಗ?

ಆರು ಗಂಟೆ ದಾಟಿತು. ಸಿಸ್ಟರೂ ನಾನೂ ಅಪ್ಪನ ಹೋಟೆಲಿಗೆ ಓಡಿದೆವು. ಸ್ಟೇಷನ್ನಿನ ಎದುರು ಒಂದಾದರೂ ಉಡುಪಿ ಹೋಟೆಲು ಇಲ್ಲದ ಊರು ಆ ಲೈನಿನಲ್ಲಿ ಇರಲಿಲ್ಲ. ಒಬ್ಬರಿಗೊಬ್ಬರು ಊರಿನ ಪರಿಚಯ, ನಂಟಸ್ತಿಕೆ. ಅಪ್ಪ ಹಿಟ್ಟಿನ ಕೈ ಪಂಚೆಗೆ ಒರೆಸಿಕೊಂಡು ಫೋನಿನ ಹತ್ತಿರ ಬಂದರು. ವಿಕ್ರೋಳಿಗೆ ಮಾಡಿದರು, ಇಲ್ಲ. ಘಾಟ್‌ಕೋಪರಿಗೆ ಮಾಡಿದರು, ಇಲ್ಲ. ಆಮೇಲೆ ಮುಲುಂಡಿಗೆ ಮಾಡಿ, ತುಳುವಿನಲ್ಲಿ ಒಂದಷ್ಟು ಮಾತಾಡಿ, ಫೋನು ಕೆಳಗಿಟ್ಟು ತಲೆ ಆಡಿಸಿದರು.

"ಅಲ್ಲಿ ಸ್ಟೇಷನ್ ಮಾಸ್ತರರ ರೂಮಿನಲ್ಲಿ ಒಂದು ಹುಡುಗಿ ಕೂತಿದ್ದಾಳಂತೆ. ಚಾ ಕೊಡ್ಲಿಕ್ಕೆ ಹೋದವರು ನೋಡಿದ್ದಾರೆ. ಆದ್ರೆ ಅದು ನಿಮ್ಮದಲ್ಲ. ಅವಳು ಮೂಗಿಯಂತೆ. ನಾಲ್ಕು ಗಂಟೆಯಿಂದ ಎಲ್ಲ ಭಾಷೆಯಲ್ಲೂ ಕೇಳಿದ್ದಾರಂತೆ, ಒಂದು ಶಬ್ದ ಇಲ್ಲ. ಪಾಪ, ಕತ್ತಲಾದ್ರೆ ಪೋಲೀಸರು ದಿಕ್ಕಿಲ್ಲದ ಮಕ್ಕಳ ರಿಮ್ಯಾಂಡ್ ಹೋಮಿಗೆ ಕಳಿಸ್ತಾರಂತೆ."

ಸಿಸ್ಟರ್ ನಿಟ್ಟುಸಿರು ಬಿಟ್ಟರು. "ಅಯ್ಯೋ, ಯಾರ ಮಗುವೋ. ನಮ್ಮ ನೀಲವ್ವನಿಗೆ ಬಾಯಿ ಮುಚ್ಚಲಿಕ್ಕೇ ಬರುವುದಿಲ್ಲ. ಠಾಣೆ ಸ್ಟೇಷನ್ನಿನ ಹೋಟೆಲಿಗೂ ಒಂದು ಫೋನ್ ಮಾಡಿ ನೋಡಿ ಭಟ್ರೇ."

ಅಪ್ಪ ಮತ್ತೆ ಫೋನು ಎತ್ತಿದರು. ಅವರು ಡಯಲ್ ತಿರುಗಿಸುವ ಕಿರ್ ಕಿರ್ ಸದ್ದು ಕೇಳುತ್ತ ನಿಂತೆ. ಆ ಹೋಟೆಲಿನಲ್ಲಿ ಅಷ್ಟು ಜನರಲ್ಲಿ ನನಗೊಬ್ಬಳಿಗೇ ಗೊತ್ತು.

"ಅವಳೇ ಸಿಸ್ಟರ್" ಎಂದೆ.

"ಎಂತ?"

"ಆ ಮೂಗಿ ಹುಡುಗಿಯೇ ನೀಲವ್ವ. ಮನೆ ಮುಟ್ಟುವ ತನಕ ಯಾರ ಹತ್ತಿರವೂ ಮಾತಾಡಬಾರದು ಎಂದು ನಾನು ಹೇಳಿದ್ದೆ. ಇವತ್ತು ಶುಕ್ರವಾರ."

ಸಿಸ್ಟರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಮೇಲೆ, "ನಿಮಗೆ ಇದು ಐದು ಗಂಟೆಗೇ ಗೊತ್ತಿತ್ತು" ಎಂದರು. ಪ್ರಶ್ನೆ ಕೇಳಿದ್ದಲ್ಲ. ನಾನು ತಲೆ ತಗ್ಗಿಸಿದೆ. ಅಪ್ಪ ನನ್ನನ್ನು ನೋಡಿದ ರೀತಿ ಇದೆಯಲ್ಲ, ಬೇಡ, ಅದನ್ನು ಬರೆಯುವುದಿಲ್ಲ.

ಸೇತುವೆಯ ಮೇಲೆ ಯಲ್ಲವ್ವ ಸಿಕ್ಕಳು. ಹಳಿಯ ಗುಂಟ ನಡೆದು ಕಾಲು ಕಲ್ಲಿಗೆ ತಾಗಿ ರಕ್ತ ಸುರಿಯುತ್ತಿತ್ತು. ಮುಲುಂಡಿನಲ್ಲಿ ಇರಬಹುದು ಎಂದಷ್ಟೇ ಹೇಳಿ ಲೋಕಲ್ ಹತ್ತಿಸಿದೆವು. ಒಂದೇ ಸ್ಟೇಷನ್ನು. ಆ ಆರೇಳು ನಿಮಿಷ ನನಗೆ ಕಳೆಯಲೇ ಇಲ್ಲ. ನನ್ನ ಊಹೆ ತಪ್ಪಾಗಿದ್ದರೆ? ಅದು ನಿಜವಾಗಿಯೂ ಬೇರೆ ಯಾರದೋ ಮೂಗಿ ಮಗುವಾಗಿದ್ದರೆ? ನಮ್ಮೂರಿನ ದೇವರನ್ನೂ ಸಿಸ್ಟರರ ದೇವರನ್ನೂ ಒಟ್ಟಿಗೆ ಕರೆದೆ.

ಸ್ಟೇಷನ್ ಮಾಸ್ತರರ ರೂಮಿನ ಬೆಂಚಿನ ಮೇಲೆ ನೀಲವ್ವ ಕೂತಿದ್ದಳು. ಪಕ್ಕದಲ್ಲಿ ಮುಟ್ಟದ ಚಾ, ಎರಡು ಬಿಸ್ಕೀಟು. ತೊಡೆಯ ಮೇಲೆ ಸ್ಲೇಟು. ಏನಾದರೂ ಬರೆ ಎಂದು ಮಾಸ್ತರರು ಮರಾಠಿಯಲ್ಲಿ ಹೇಳಿದ್ದರಂತೆ, ಅವಳು ಅಚ್ಚುಕಟ್ಟಾಗಿ ಎರಡರ ಮಗ್ಗಿ ಬರೆದು ಕೊಟ್ಟಿದ್ದಳಂತೆ. ತಾಯಿಯನ್ನು ಕಂಡದ್ದೇ ಓಡಿ ಬಂದು ಸೊಂಟ ತಬ್ಬಿಕೊಂಡಳು. ತುಟಿ ಮಾತ್ರ ಬಿಚ್ಚಲಿಲ್ಲ.

"ಮುಕೀ ಆಹೇ ಹೋ ಬಾಯಿ, ಏಕಟೀಲಾ ಕಶಾಲಾ ಸೋಡ್ಲಂ?" ಎಂದು ಪೋಲೀಸಿನವನು ತಾಯಿಗೇ ಗದರಿದ. ಮೂಗಿ ಮಗುವನ್ನು ಒಂಟಿಯಾಗಿ ಯಾಕೆ ಬಿಟ್ಟೆ ಎಂದು ಅವನ ಸಿಟ್ಟು. ಅದರಲ್ಲಿ ಅವನದೇನು ತಪ್ಪು?

ಯಲ್ಲವ್ವ ಮಗಳ ಮುಖ ಎರಡೂ ಕೈಯಲ್ಲಿ ಹಿಡಿದಳು. "ಯಾಕ ನೀಲಿ? ಯಾಕ ಮಾತಾಡವಲ್ಲಿ? ಯಾರರ ಏನರ ಮಾಡಿದರೇನು? ಹೇಳವ್ವಾ, ನಮ್ಮವ್ವಾ..." ಅವಳ ದನಿ ಏರುತ್ತ ಹೋಯಿತು. ಮಗಳ ಕೈ, ಬೆನ್ನು, ಕಾಲು ಎಲ್ಲ ತಡವಿ ನೋಡತೊಡಗಿದಳು. ಅವಳ ತಲೆಯಲ್ಲಿ ಏನು ಓಡುತ್ತಿದೆ ಎಂದು ಅಲ್ಲಿದ್ದ ಪ್ರತಿಯೊಬ್ಬರಿಗೂ ತಿಳಿಯಿತು.

ನಾನು ಮಂಡಿಯೂರಿ ಕೂತೆ. "ನೀಲವ್ವ, ಮಾತಾಡು ಮಗಾ. ಟೀಚರ್ ಹೇಳ್ತಾ ಇದ್ದೇನೆ. ಈಗ ಮಾತಾಡಬಹುದು."

ಅವಳು ನನ್ನನ್ನು ನೋಡಿದಳು. ಗೇಟಿನ ಹೊರಗೆ ನಿಂತು ನಾನು ಪರೀಕ್ಷೆ ಮಾಡುವಾಗ ನಗುತ್ತಿದ್ದಳಲ್ಲ, ಹಾಗೆಯೇ ಕಣ್ಣಲ್ಲಿ ನಕ್ಕಳು. ತಲೆ ಅಲ್ಲಾಡಿಸಿದಳು. ನನ್ನ ಮೋಸಕ್ಕೆ ಬೀಳುವವಳಲ್ಲ ಅವಳು.

ವಾಪಸು ಬರುವಾಗ ಯಲ್ಲವ್ವ ದಾರಿಯುದ್ದಕ್ಕೂ ಅತ್ತಳು. "ಮನೆಗೆ ಹೋದ ಮೇಲೆ ಮಾತಾಡ್ತಾಳೆ" ಎಂದೆ. "ನಿಮಗ ಹೆಂಗ ಗೊತ್ರಿ?" ಎಂದು ಕೇಳಿದಳು. ಆಗಲೂ ನನಗೆ ಬಾಯಿ ಬರಲಿಲ್ಲ. ಸಿಸ್ಟರ್ ಕಿಟಕಿಯಾಚೆ ನೋಡುತ್ತ ಕೂತಿದ್ದರು. ಅವರೇ ಹೇಳಿಬಿಡಲಿ ಎಂದು ಆಸೆಪಟ್ಟೆ. ಅವರು ಹೇಳಲಿಲ್ಲ. ಅದು ನಾನು ಹೇಳಬೇಕಾದ ಮಾತು ಎಂದು ನನಗೇ ಬಿಟ್ಟಿದ್ದರು.

ಗುಡಿಸಲಿನ ಮುಂದೆ ಲಾಟೀನು ಹಚ್ಚಿತ್ತು, ಓಣಿಯ ಜನ ಸೇರಿತ್ತು. ನೀಲವ್ವ ತಾಯಿಯ ಕೈ ಬಿಡಿಸಿಕೊಂಡು ಹೊಸ್ತಿಲು ದಾಟಿದಳು. ದಾಟಿ, ಹಿಂದೆ ತಿರುಗಿ, "ಯವ್ವಾ, ನೀರ ಕೊಡು" ಎಂದಳು.

ಯಲ್ಲವ್ವ ನಿಂತಲ್ಲೇ ಕುಸಿದಳು. ಅಜ್ಜಿ ಕೊಟ್ಟ ಎರಡು ತಂಬಿಗೆ ನೀರು ಗಟಗಟ ಕುಡಿದು ನೀಲವ್ವ ಒಂದೇ ಉಸಿರಿಗೆ ಶುರು ಮಾಡಿದಳು.

"ಟೀಚರ್, ನಾ ಒಂದs ಒಂದು ಮಾತು ಆಡಿಲ್ರಿ! ಬ್ರಿಜ್ ಮ್ಯಾಗ ನಮ್ಮ ಓಣಿ ಕಾಶವ್ವತ್ತಿ ಸೀರಿ ಕಂಡಂಗಾತು. ಕೂಗಬೇಕಂದ್ರ ಕೂಗಂಗಿಲ್ಲಲ್ಲ. ಬೆನ್ನ ಹತ್ತಿ ಓಡಿದ್ನಿ. ಆಕಿ ಗಾಡಿ ಹತ್ತಿದ್ಲು, ನಾನೂ ಹತ್ತಿದ್ನಿ. ಹೊಳ್ಳಿ ನೋಡಿದ್ರ ಕಾಶವ್ವತ್ತಿ ಅಲ್ಲs ಅಲ್ಲ, ಬ್ಯಾರೆ ಯಾರೋ! ಮುಂದಿನ ಸ್ಟೇಷನ್ನಿಗೆ ಇಳದ್ನಿ. ಪೋಲೀಸ ಬಿಸ್ಕೀಟ ಕೊಟ್ಟಾ, ಹೆಸರು ಕೇಳಿದಾ, ಹೇಳಲೇ ಇಲ್ಲ ನಾ. ನೀವು ಕೇಳಿದ್ರೂ ಹೇಳಿಲ್ಲ ನೋಡ್ರಿ!"

ಮುಖ ಅರಳಿ ಹೋಗಿತ್ತು. ಭೇಷ್ ಎನ್ನುತ್ತೇನೆಂದು ಕಾಯುತ್ತಿದ್ದಳು. ಯಲ್ಲವ್ವ ನಿಧಾನಕ್ಕೆ ನನ್ನ ಕಡೆ ತಿರುಗಿದಳು.

"ನೀವು ಹೇಳಿದ್ರೇನ್ರಿ ಆಕಿಗೆ, ಮಾತಾಡಬ್ಯಾಡ ಅಂತ?"

"ಹೌದು ಯಲ್ಲವ್ವ. ನಾನೇ ಹೇಳಿದ್ದು. ಸಂಜೆಯೇ ನಿನಗೆ ಹೇಳಬೇಕಿತ್ತು, ಹೆದರಿ ಹೇಳಲಿಲ್ಲ. ನನ್ನದೇ ತಪ್ಪು."

ಬೈಯಲಿ, ಹೊಡೆಯಲಿ ಎಂದು ನಿಂತೆ. ಓಣಿಯವರೂ ಅದನ್ನೇ ಕಾಯುತ್ತಿದ್ದರು. ಯಲ್ಲವ್ವ ಎದ್ದು, ಸೆರಗಿನಿಂದ ಮುಖ ಒರೆಸಿಕೊಂಡು, ಮಗಳನ್ನು ತಂದು ನನ್ನ ಮುಂದೆ ನಿಲ್ಲಿಸಿದಳು.

"ನಾ ಹೇಳಿದ್ರ ಒಂದೂ ಕೇಳಂಗಿಲ್ರಿ ಇದು. ನಿಮ್ಮ ಮಾತು ಅಂದ್ರ ಇಷ್ಟು ಕೇಳ್ತೈತಿ. ಹಂಗಾದ್ರ ಇನ್ನೊಂದು ಮಾತು ನೀವs ಹೇಳ್ರಿ. ದಾರಿ ತಪ್ಪಿದ್ರ ಕೂಗು ಅಂತ ಹೇಳ್ರಿ. ಗಂಟಲ ಹರಿಯೂವಂಗ ಕೂಗು ಅಂತ ಹೇಳ್ರಿ."

ನಾನು ನೀಲವ್ವನ ಎರಡೂ ಕೈ ಹಿಡಿದೆ. "ದಾರಿ ತಪ್ಪಿದರೆ, ಹೆದರಿಕೆಯಾದರೆ, ಕೂಗಬೇಕು. ನಿನ್ನ ಹೆಸರು ಹೇಳಿ ಜೋರಾಗಿ ಕೂಗಬೇಕು. ತಿಳಿಯಿತಾ?"

ಅವಳ ಮುಖದ ನಗು ಆರಿತು. ನನ್ನನ್ನು ನೋಡಿದಳು, ಸಿಸ್ಟರರನ್ನು ನೋಡಿದಳು, ಅಳುತ್ತಿದ್ದ ತಾಯಿಯನ್ನು ನೋಡಿದಳು.

"ಶುಕ್ರವಾರಾನೂ ಕೂಗಬಹುದೇನ್ರಿ? ದೇವರು ಸಿಟ್ಟಾಗಂಗಿಲ್ಲೇನ್ರಿ?"

ನಾನು ಸಿಸ್ಟರರ ಮುಖ ನೋಡಿದೆ. ಅವರು ನನ್ನನ್ನೇ ನೋಡುತ್ತಿದ್ದರು. ಉತ್ತರ ನಾನೇ ಕೊಡಬೇಕಿತ್ತು.

"ಆಗುವುದಿಲ್ಲ ನೀಲವ್ವ. ಸಿಟ್ಟಾದರೆ ನನ್ನ ಮೇಲೆ ಆಗಲಿ. ನೀನು ಕೂಗು."